ಹೊರಗಿನ ಬೆಂಚಿನಲ್ಲಿ ಕೂರುವವರಿಗೆ

ಈ ಅಂಕಣಕ್ಕೆ ಬರುವ ಪತ್ರಗಳಲ್ಲಿ ಮುಕ್ಕಾಲು ಪಾಲು ಖಾತೆ, ಆಸ್ತಿ ಪಾಲು, ಜೀವನಾಂಶದವು. ಈ ತಿಂಗಳು ಹಾಗಾಗಲಿಲ್ಲ. ಆರು ಪತ್ರಗಳು ಒಂದೇ ಸಂಕಟದ, ಅತ್ಯಾಚಾರ-ಲೈಂಗಿಕ ದೌರ್ಜನ್ಯದ, ಸುತ್ತ ಬಂದಿವೆ. ಅದರಲ್ಲಿ ಐದನ್ನು ಬರೆದವರು ಏಟು ತಿಂದ ಹೆಣ್ಣುಮಗಳಲ್ಲ, ಅವಳ ಆಚೀಚೆ ಇರುವವರು. ಖಾತೆ-ಪಾಲಿನವರು ದಯವಿಟ್ಟು ಮುಂದಿನ ಸಂಚಿಕೆಯವರೆಗೆ ಕಾಯಿರಿ.

ಹೆಸರು, ಊರು, ಗುರುತು ಹತ್ತಬಹುದಾದ ಎಲ್ಲವನ್ನೂ ಪತ್ರಗಳಿಂದ ತೆಗೆದಿದ್ದೇನೆ. ಸೌಜನ್ಯಕ್ಕಷ್ಟೇ ಅಲ್ಲ. ಅಂಥವಳ ಗುರುತನ್ನು ಅಚ್ಚು ಹಾಕಿದರೆ ಭಾರತೀಯ ನ್ಯಾಯ ಸಂಹಿತೆಯ 72ನೇ ಕಲಮಿನ ಪ್ರಕಾರ ಎರಡು ವರ್ಷದವರೆಗೆ ಜೈಲು.

*

ಮೇಡಂ, ನನ್ನ ತಂಗಿಗೆ 22 ವರ್ಷ. ಗಾರ್ಮೆಂಟ್ಸ್ ಕೆಲಸಕ್ಕೆ ಹೋಗುತ್ತಾಳೆ. ಭಾನುವಾರ ಊರ ಹಬ್ಬಕ್ಕೆ ಬಂದಿದ್ದಳು. ರಾತ್ರಿ ಬಸ್‌ಸ್ಟ್ಯಾಂಡಿಗೆ ಬಿಡುತ್ತೇನೆ ಅಂತ ನಮ್ಮ ಸಂಬಂಧಿಕರ ಹುಡುಗ ಬೈಕಿನಲ್ಲಿ ಕರೆದುಕೊಂಡು ಹೋದ. ದಾರಿಯಲ್ಲಿ ಪಂಪ್‌ಸೆಟ್ ಮನೆ ಹತ್ತಿರ ಬಲಾತ್ಕಾರ ಮಾಡಿದ್ದಾನೆ. ನನ್ನೊಬ್ಬಳಿಗೇ ಹೇಳಿದ್ದಾಳೆ. ಸ್ನಾನ ಮಾಡಿಬಿಟ್ಟಿದ್ದಾಳೆ, ಬಟ್ಟೆ ಬಕೆಟ್ಟಿನಲ್ಲಿದೆ, ಇನ್ನೂ ನೆನೆಸಿಲ್ಲ. ಸ್ಟೇಷನ್ನಿಗೆ ಹೋಗೋಣ ಅಂದರೆ "ಬೇಡ ಕಣೇ, ಅಪ್ಪ ಸತ್ತೇಹೋಗ್ತಾರೆ" ಅಂತ ಅಳುತ್ತಾಳೆ. ಅವಳ ಪರವಾಗಿ ನಾನೇ ಹೋಗಿ ಕಂಪ್ಲೇಂಟ್ ಕೊಡಲೇ?

ಈ ಮೇಲ್ ಬಂದದ್ದು ಮಂಗಳವಾರ ರಾತ್ರಿ. ನಾನು ನೋಡಿದ್ದು ಬುಧವಾರ ಬೆಳಿಗ್ಗೆ, ಕಾಫಿ ಲೋಟ ಕೈಯಲ್ಲಿತ್ತು. ಪತ್ರಿಕೆಯಲ್ಲಿ ಉತ್ತರ ಬರುವವರೆಗೆ ಕಾಯುವ ಪ್ರಶ್ನೆಯಲ್ಲ ಇದು. ಕೆಳಗಿದ್ದ ನಂಬರಿಗೆ ಆಗಲೇ ಫೋನ್ ಮಾಡಿದೆ. ಅಂದು ಆಡಿದ್ದನ್ನು ಅಕ್ಕ-ತಂಗಿ ಇಬ್ಬರ ಒಪ್ಪಿಗೆ ಪಡೆದು ಇಲ್ಲಿ ಬರೆಯುತ್ತಿದ್ದೇನೆ, ಇಂಥದೇ ರಾತ್ರಿ ಇನ್ಯಾರ ಮನೆಗೋ ಬರಬಹುದು ಎಂದು.

ನೀವೇ ಕಂಪ್ಲೇಂಟ್ ಕೊಡಬಹುದೇ? ಕೊಡಬಹುದು. ಇಂಥ ಅಪರಾಧದ ಸುದ್ದಿಯನ್ನು ಯಾರು ಬೇಕಾದರೂ ಪೊಲೀಸರಿಗೆ ಮುಟ್ಟಿಸಬಹುದು. ಆದರೆ ಕೊಡಬೇಡಿ ಅಂದೆ. ಯಾಕೆ ಅನ್ನುವುದಕ್ಕೆ ನನ್ನದೇ ಒಂದು ತಪ್ಪನ್ನು ಹೇಳಬೇಕು.

ವಕೀಲಿ ಶುರುಮಾಡಿದ ಹೊಸತು, 27 ವರ್ಷದ ಹಿಂದಿನ ಮಾತು. ಒಬ್ಬ ಹುಡುಗಿಯನ್ನು ಅವಳ ದೊಡ್ಡಮ್ಮ ಕೈಹಿಡಿದು ನನ್ನ ಬಳಿ ಕರೆತಂದರು. ಹುಡುಗಿ ಬಾಯಿಬಿಡಲಿಲ್ಲ, ಕುರ್ಚಿಯ ಬೆತ್ತದ ನೇಯ್ಗೆಯನ್ನು ಉಗುರಲ್ಲಿ ಕೀಳುತ್ತ ಕೂತಿದ್ದಳು. ದೊಡ್ಡಮ್ಮ ಹೇಳಿದರು, ನಾನು ಬರೆದೆ. 'ಶೀಲಹರಣ' ಅಂತ ಬರೆದೆ, ಆಗ ನಾವೆಲ್ಲ ಹಾಗೇ ಬರೆಯುತ್ತಿದ್ದುದು. ಸಹಿ ಹಾಕಿಸಿದೆ. ಮೂರು ವರ್ಷ ಕಳೆದ ಮೇಲೆ ಸೆಷನ್ಸ್ ಕೋರ್ಟಿನ ಕಟಕಟೆಯಲ್ಲಿ ಅವಳು "ನನಗೇನೂ ಗೊತ್ತಿಲ್ಲ, ಅವರು ಬರೆದಿದ್ದಕ್ಕೆ ಸಹಿ ಮಾಡಿದೆ" ಅಂದಳು. ಪ್ರತಿಕೂಲ ಸಾಕ್ಷಿ ಎಂದು ದಾಖಲಾಯಿತು, ಆರೋಪಿ ಖುಲಾಸೆಯಾದ. ಆ ದಿನ ನನಗೆ ಸಿಟ್ಟು ಬಂದದ್ದು ಹುಡುಗಿಯ ಮೇಲೆ. ಅವಳು ಹೇಳಿದ ಮಾತಿನಲ್ಲಿ ಕೊನೆಯ ಅರ್ಧ ಅಕ್ಷರಶಃ ನಿಜ ಎಂದು ಹೊಳೆಯಲು ನನಗೆ ಬಹಳ ಕಾಲ ಬೇಕಾಯಿತು. ಅವಳ ಮೈಮೇಲೆ ಒಬ್ಬ ಅವಳನ್ನು ಕೇಳದೆ ಕೈಹಾಕಿದ್ದ. ಅವಳ ಕೇಸಿನ ಮೇಲೆ ನಾವಿಬ್ಬರು ಅವಳನ್ನು ಕೇಳದೆ ಕೈಹಾಕಿದ್ದೆವು.

ಆದ್ದರಿಂದ ಅಂದು ಬೆಳಿಗ್ಗೆ ನಾನು ಅಕ್ಕನಿಗೆ ಹೇಳಿದ್ದು: ಸ್ಟೇಷನ್ ಮಾತು ಬಿಡಿ, ಇವತ್ತು ಆಸ್ಪತ್ರೆ. ಅದಕ್ಕೆ ಗಡಿಯಾರ ಇದೆ, ಕಂಪ್ಲೇಂಟಿಗೆ ಇಲ್ಲ. ಎಚ್‌ಐವಿ ತಡೆಯುವ ಮಾತ್ರೆಯನ್ನು 72 ಗಂಟೆಯೊಳಗೆ ಶುರುಮಾಡಬೇಕು, 28 ದಿನ ತಪ್ಪದೆ ನುಂಗಬೇಕು. ಭಾನುವಾರ ರಾತ್ರಿಯಿಂದ ಲೆಕ್ಕ ಹಾಕಿದರೆ ಬುಧವಾರ ರಾತ್ರಿಗೆ ಮುಗಿಯಿತು. ಗರ್ಭ ನಿಲ್ಲದಂತೆ ಕೊಡುವ ಮಾತ್ರೆಯೂ ಎಷ್ಟು ಬೇಗ ಆದರೆ ಅಷ್ಟು ಒಳ್ಳೆಯದು. ಜಿಲ್ಲಾಸ್ಪತ್ರೆಗೇ ಹೋಗಿ, ಅಲ್ಲಿ ಸಖಿ ಕೇಂದ್ರ (ಇಂಥ ಹೆಂಗಸರಿಗೆಂದೇ ಇರುವ ಸರ್ಕಾರಿ ನೆರವು ಕೇಂದ್ರ) ಎಲ್ಲಿದೆ ಅಂತ ಕೇಳಿ, ಗೊತ್ತಾಗದಿದ್ದರೆ ಮಹಿಳಾ ಸಹಾಯವಾಣಿ 181ಕ್ಕೆ ಫೋನ್ ಮಾಡಿ ಅಂದೆ. ಖಾಸಗಿ ಆಸ್ಪತ್ರೆಯಾದರೂ ಪುಕ್ಕಟೆಯಾಗಿ ತಕ್ಷಣ ಚಿಕಿತ್ಸೆ ಕೊಡಲೇಬೇಕು. 'ಮೊದಲು ಎಫ್‌ಐಆರ್ ತನ್ನಿ' ಎಂದು ವಾಪಸು ಕಳಿಸುವುದು ಅಪರಾಧ.

ಒಂದು ವಿಷಯ ಮುಚ್ಚಿಡಲಿಲ್ಲ. ಆಸ್ಪತ್ರೆಯವರು ಪೊಲೀಸರಿಗೆ ತಿಳಿಸುತ್ತಾರೆ, ಅದು ಅವರ ಕರ್ತವ್ಯ. ಆದರೆ ಪೊಲೀಸರು ಬಂದ ಮಾತ್ರಕ್ಕೆ ಅವಳು ದೂರು ಕೊಡಲೇಬೇಕು ಅಂತೇನಿಲ್ಲ. 'ಈಗ ಕೊಡುವುದಿಲ್ಲ' ಎನ್ನಬಹುದು, ಡಾಕ್ಟರು ಅದನ್ನು ಬರೆದುಕೊಳ್ಳಬೇಕು. ಕೇಂದ್ರ ಆರೋಗ್ಯ ಇಲಾಖೆಯ 2014ರ ಮಾರ್ಗಸೂಚಿ ಹೇಳುವುದು ಇದನ್ನೇ. ಚಿಕಿತ್ಸೆಗೆ ಒಂದು ಒಪ್ಪಿಗೆ, ತಪಾಸಣೆಗೆ ಒಂದು, ಸಾಕ್ಷ್ಯ ತೆಗೆಯುವುದಕ್ಕೆ ಇನ್ನೊಂದು. ಒಂದಕ್ಕೆ ಹೂಂ ಅಂದು ಇನ್ನೊಂದಕ್ಕೆ ಊಹೂಂ ಅನ್ನಬಹುದು, ನಡುವೆ ಸಾಕು ಅನ್ನಬಹುದು. ಎರಡು ಬೆರಳಿನ ಪರೀಕ್ಷೆ, ಅಂದರೆ ಮೊದಲೇ ಸಂಬಂಧ ಇತ್ತೇ ಎಂದು ಒಳಗೆ ಬೆರಳಿಟ್ಟು ನೋಡುವುದು, ಅದನ್ನು ಮಾಡಲು ಯಾರಾದರೂ ಹೊರಟರೆ ನಿಲ್ಲಿಸಿ. 2013ರಲ್ಲೇ ಸುಪ್ರೀಂ ಕೋರ್ಟ್ ಅದನ್ನು ತಪ್ಪೆಂದಿತ್ತು. 2022ರ ಅಕ್ಟೋಬರ್‌ನಲ್ಲಿ ಇನ್ನೊಮ್ಮೆ, ಅದನ್ನು ಮಾಡುವ ಡಾಕ್ಟರು ದುರ್ನಡತೆಯ ತಪ್ಪಿತಸ್ಥರು ಎಂದು ಹೇಳಿತು.

ಬಟ್ಟೆ. ಒಗೆಯಬೇಡಿ, ಪ್ಲಾಸ್ಟಿಕ್ ಕವರಿಗೆ ತುರುಕಬೇಡಿ, ಬೂಸಲು ಹಿಡಿಯುತ್ತದೆ. ನೆರಳಿನಲ್ಲಿ ಆರಿಸಿ, ಒಂದೊಂದನ್ನೂ ಬೇರೆ ಬೇರೆ ಪೇಪರಿನಲ್ಲಿ ಸುತ್ತಿ ಇಡಿ. ಇವತ್ತು ಬೇಡ ಅಂದವಳು ನಾಳೆ ಬೇಕು ಅನ್ನಬಹುದಲ್ಲ. ಹಾಸನದ ಮಾಜಿ ಸಂಸದರಿಗೆ 2025ರ ಆಗಸ್ಟ್‌ನಲ್ಲಿ ಬೆಂಗಳೂರಿನ ವಿಶೇಷ ನ್ಯಾಯಾಲಯ ಜೀವಾವಧಿ ಶಿಕ್ಷೆ ಕೊಟ್ಟಿತಲ್ಲ, ಆ ಕೇಸಿನಲ್ಲಿ ಮುಖ್ಯವಾಗಿ ನಿಂತದ್ದು ಮನೆಕೆಲಸದ ಹೆಂಗಸಿನ ಒಂದು ಸೀರೆ. ವರ್ಷಗಳ ನಂತರ ಸಿಕ್ಕ ಸೀರೆ.

ಇನ್ನು ಅಕ್ಕನ ಕೆಲಸ. ನೀವು ಮೊದಲು ಕೇಳಿಸಿಕೊಂಡವರು, ಹಾಗಾಗಿ ಮುಂದೊಂದು ದಿನ ನೀವೂ ಸಾಕ್ಷಿ. ಅವಳು ಯಾವ ದಿನ, ಎಷ್ಟು ಹೊತ್ತಿಗೆ, ಯಾವ ಮಾತಿನಲ್ಲಿ ಹೇಳಿದಳೋ ಹಾಗೇ ಒಂದು ಹಾಳೆಯಲ್ಲಿ ಬರೆದು ತಾರೀಖು ಹಾಕಿಡಿ. ನಿಮ್ಮ ಮಾತು ಸೇರಿಸಬೇಡಿ. ಮತ್ತೆ ಮತ್ತೆ ಕೇಳಿ ಕತೆ ನೇರ ಮಾಡಲು ಹೋಗಬೇಡಿ. 'ನೀನ್ಯಾಕೆ ಬೈಕು ಹತ್ತಿದೆ' ಎಂಬ ಪ್ರಶ್ನೆ ನಾಲಿಗೆ ತುದಿಗೆ ಬರುತ್ತದೆ, ಎಂಥ ಪ್ರೀತಿಯ ಅಕ್ಕನಿಗೂ ಬರುತ್ತದೆ. ನುಂಗಿಕೊಳ್ಳಿ.

ಅವರು ಅಂದೇ ಮಧ್ಯಾಹ್ನ ಹೋದರು. ತಂಗಿ ಮಾತ್ರೆಗೆ ಹೂಂ ಅಂದಳು, ತಪಾಸಣೆಗೂ ಹೂಂ ಅಂದಳು, ದೂರಿಗೆ ಊಹೂಂ. ಅಕ್ಕ ಆಸ್ಪತ್ರೆಯ ವರಾಂಡದಿಂದಲೇ ಫೋನ್ ಮಾಡಿ ಅತ್ತರು, 'ಅವನು ಊರಲ್ಲಿ ಮೀಸೆ ತಿರುವಿಕೊಂಡು ಓಡಾಡ್ತಿದ್ದಾನೆ ಮೇಡಂ' ಅಂತ. ಓಡಾಡಲಿ, ಇವತ್ತು ಅವಳಿಗೆ ಊಟ ಮಾಡಿಸಿ ಅಂದೆ. ಹನ್ನೊಂದನೇ ದಿನ ಫೋನ್ ಮಾಡಿದ್ದು ತಂಗಿ. "ನಾನು ಕೆಲಸ ಮಾಡೋ ಊರಿನ ಸ್ಟೇಷನ್ನಲ್ಲಿ ಕೊಡಬಹುದಾ? ಅಲ್ಲಿ ನಮ್ಮಪ್ಪನ್ನ ಯಾರಿಗೂ ಗೊತ್ತಿಲ್ಲ."

ಕೊಡಬಹುದು. ಯಾವ ಸ್ಟೇಷನ್ನಿನಲ್ಲಾದರೂ ಕೊಡಬಹುದು, 'ಇದು ನಮ್ಮ ಲಿಮಿಟ್ಸ್ ಅಲ್ಲ' ಎನ್ನುವಂತಿಲ್ಲ. ಅದನ್ನೇ ಝೀರೋ ಎಫ್‌ಐಆರ್ ಎನ್ನುವುದು. ಹೇಳಿಕೆಯನ್ನು ಮಹಿಳಾ ಅಧಿಕಾರಿಯೇ ಬರೆದುಕೊಳ್ಳಬೇಕು, ಅವಳು ಹೇಳಿದ ಜಾಗಕ್ಕೆ ಬಂದು ಬರೆದುಕೊಳ್ಳಬೇಕು. ಓದಿಸಿಕೊಂಡು ಸಹಿ ಮಾಡಬೇಕು, ಪ್ರತಿ ಪುಕ್ಕಟೆ. ದಾಖಲಿಸಲು ನಿರಾಕರಿಸಿದ ಅಧಿಕಾರಿಗೆ ಆರು ತಿಂಗಳಿಂದ ಎರಡು ವರ್ಷದವರೆಗೆ ಕಠಿಣ ಸಜೆ ಇದೆ. ಕೂಗಾಡಬೇಡಿ, ಇಷ್ಟನ್ನು ಮೆಲ್ಲಗೆ ಹೇಳಿದರೆ ಸಾಕು, ಪೆನ್ನು ಹೊರಗೆ ಬರುತ್ತದೆ. ಆಮೇಲೆ ಮ್ಯಾಜಿಸ್ಟ್ರೇಟರ ಮುಂದೆ ಹೇಳಿಕೆ. ನಾವು ಹಳಬರು ಇನ್ನೂ 'ಒನ್ ಸಿಕ್ಸ್ಟಿಫೋರ್' ಅಂತಲೇ ಅನ್ನುತ್ತೇವೆ, 2024ರ ಜುಲೈ 1ರಿಂದ, ಹೊಸ ಕಾನೂನಿನಲ್ಲಿ, ಅದು 183ನೇ ಕಲಂ. ಹನ್ನೊಂದು ದಿನ ತಡವಾಯಿತಲ್ಲ ಎಂದು ಯಾರಾದರೂ ಗೊಣಗಿದರೆ, ಇಂಥ ಪ್ರಕರಣದಲ್ಲಿ ಮನೆಯವರ ಅಳುಕಿನಿಂದ ತಡವಾಗುವುದು ಸಹಜ ಎಂದು ಸುಪ್ರೀಂ ಕೋರ್ಟ್ 1996ರಲ್ಲೇ ಗುರ್ಮಿತ್ ಸಿಂಗ್ ಪ್ರಕರಣದಲ್ಲಿ ಹೇಳಿದೆ. ನಂಬುವಂತಿದ್ದರೆ ಅವಳೊಬ್ಬಳ ಸಾಕ್ಷ್ಯವೇ ಸಾಕು ಎಂದದ್ದೂ ಅದೇ ತೀರ್ಪು.

ಅಪ್ಪನಿಗೆ ಹೇಗೆ ಹೇಳುವುದು ಎಂಬುದು ಇನ್ನೂ ಬಗೆಹರಿದಿಲ್ಲ. ಅದಕ್ಕೆ ನನ್ನ ಬಳಿಯೂ ಕಲಂ ಇಲ್ಲ.

*

ನನ್ನ ಹೆಂಡತಿಯ ಕೇಸು ಮೂರು ವರ್ಷದಿಂದ ನಡೆಯುತ್ತಿದೆ. ನಮ್ಮ ಮದುವೆಗೆ ಮುಂಚೆ ಅವಳ ಮಾಲೀಕನೇ ಮಾಡಿದ್ದು. ಎಲ್ಲ ತಿಳಿದೇ ಮದುವೆಯಾದೆ. ಮುಂದಿನ ತಿಂಗಳು ಅವಳ ಸಾಕ್ಷಿ. ಸಮನ್ಸ್ ಬಂದ ದಿನದಿಂದ ನಿದ್ದೆ ಮಾಡುತ್ತಿಲ್ಲ, ಒಲೆ ಮೇಲೆ ಹಾಲಿಟ್ಟು ಮರೆಯುತ್ತಾಳೆ. ನಾನು ಕೋರ್ಟಿನಲ್ಲಿ ಪಕ್ಕದಲ್ಲಿ ನಿಲ್ಲಬಹುದೇ? ಆ ವಕೀಲ ಏನಾದರೂ ಕೆಟ್ಟದಾಗಿ ಕೇಳಿದರೆ ನಾನು ಸುಮ್ಮನಿರುವ ಮನುಷ್ಯ ಅಲ್ಲ.

ಕೊನೆಯ ವಾಕ್ಯದಿಂದ ಶುರುಮಾಡುತ್ತೇನೆ. ಅಂದು ನೀವು ಸುಮ್ಮನಿರಲೇಬೇಕು. ನೀವು ಎದ್ದು ಕೂಗಾಡಿದರೆ ಅವಳ ಸಾಕ್ಷಿ ಅಲ್ಲಿಗೆ ನಿಂತು ಇನ್ನೊಂದು ವಾಯಿದೆ ಬೀಳುತ್ತದೆ, ಅವಳು ಮತ್ತೆ ಒಂದು ತಿಂಗಳು ಹಾಲು ಉಕ್ಕಿಸುತ್ತಾಳೆ. ಆರೋಪಿಯ ಕಡೆಯವರಿಗೆ ಬೇಕಾದ್ದು ಅದೇ. ಚಾರ್ಜ್‌ಶೀಟ್ ಆದ ಎರಡು ತಿಂಗಳಲ್ಲಿ ವಿಚಾರಣೆ ಮುಗಿಯಬೇಕೆಂದು ಕಾನೂನು ಬರೆದಿದೆ. ಆ ಎರಡು ತಿಂಗಳು ಎಷ್ಟು ಉದ್ದ ಎಂದು ನಿಮಗೆ ನನಗಿಂತ ಚೆನ್ನಾಗಿ ಗೊತ್ತು.

ಇಂಥ ವಿಚಾರಣೆ ಬಾಗಿಲು ಮುಚ್ಚಿ ನಡೆಯುತ್ತದೆ. ಬೇಕಿಲ್ಲದವರೆಲ್ಲ ಹೊರಗೆ. ನ್ಯಾಯಾಧೀಶರ ಅನುಮತಿ ಪಡೆದು ಅವಳಿಗೆ ಬೇಕಾದ ಒಬ್ಬರನ್ನು ಒಳಗೆ ಕೂರಿಸಿಕೊಳ್ಳಬಹುದು. ಆದರೆ ಚಾರ್ಜ್‌ಶೀಟಿನ ಸಾಕ್ಷಿ ಪಟ್ಟಿ ತೆಗೆದು ನೋಡಿ. ನಿಮ್ಮ ಹೆಸರು ಅದರಲ್ಲಿದ್ದರೆ ನಿಮ್ಮ ಸಾಕ್ಷ್ಯ ಆಗುವವರೆಗೆ ನೀವು ಒಳಗೆ ಬರುವಂತಿಲ್ಲ. ತಾಯಿ, ಅಕ್ಕ, ಗೆಳತಿ, ಹತ್ತಿರದವರೆಲ್ಲ ಪಟ್ಟಿಯಲ್ಲಿದ್ದು, ಸಾಕ್ಷಿ ದಿನ ಹುಡುಗಿ ಒಳಗೆ ಒಬ್ಬಳೇ ನಿಂತದ್ದನ್ನು ನಾನು ಎಷ್ಟೋ ಸಲ ನೋಡಿದ್ದೇನೆ. ಪಟ್ಟಿಯಲ್ಲಿ ಇಲ್ಲದ ಒಬ್ಬರನ್ನು ಈಗಲೇ ಗೊತ್ತುಮಾಡಿಕೊಳ್ಳಿ. ಯಾರು ಎಂದು ಆರಿಸುವವಳು ಅವಳು.

ನಿಮ್ಮ ಜಾಗ ಹೊರಗಿನ ಬೆಂಚು. ಸಣ್ಣ ಜಾಗ ಅಂತ ತಿಳಿಯಬೇಡಿ. ಬೆಳಿಗ್ಗೆ ಹನ್ನೊಂದಕ್ಕೆ ಕೂಗಬೇಕಾದ ಕೇಸನ್ನು ಮಧ್ಯಾಹ್ನ ನಾಲ್ಕಕ್ಕೆ ಕೂಗುತ್ತಾರೆ. ಆ ಐದು ಗಂಟೆ ಆರೋಪಿಯೂ ಅದೇ ವರಾಂಡದಲ್ಲಿ ಬೀಡಿ ಸೇದುತ್ತ ನಿಂತಿರುತ್ತಾನೆ, ಅವನ ನೆಂಟರು ಇವಳನ್ನು ದುರುಗುಟ್ಟಿ ನೋಡುತ್ತಾರೆ. ಬೆಳಿಗ್ಗೆಯೇ ಪಿ.ಪಿ.ಗೆ, ಅಂದರೆ ಸರ್ಕಾರಿ ವಕೀಲರಿಗೆ, ಹೇಳಿ ಅವಳನ್ನು ಬೇರೆ ಕೋಣೆಯಲ್ಲಿ ಕೂರಿಸಿ. ಸಾಕ್ಷಿಗಳಿಗೆಂದೇ ಪ್ರತ್ಯೇಕ ಕೇಂದ್ರ ನಿಮ್ಮ ಕೋರ್ಟಿನಲ್ಲಿ ಇದೆಯೇ ಕೇಳಿ, ಇದ್ದರೆ ಅವನ ಮುಖ ನೋಡದೆಯೇ ಸಾಕ್ಷಿ ನುಡಿಯಬಹುದು. ಇಲ್ಲದಿದ್ದರೆ ನಡುವೆ ಪರದೆ ಹಾಕಿಸಲು ಅರ್ಜಿ ಕೊಡಿಸಿ. ಫ್ಲಾಸ್ಕಿನಲ್ಲಿ ಕಾಫಿ, ಎರಡು ಚಪಾತಿ, ಮೊಬೈಲ್ ಚಾರ್ಜರ್, ಅವಳ ಮಾತ್ರೆ ಇಟ್ಟುಕೊಳ್ಳಿ. ಕೋರ್ಟ್ ಕ್ಯಾಂಟೀನಿನಲ್ಲಿ ಅವನ ಕಡೆಯವರು ಇರುತ್ತಾರೆ, ಅಲ್ಲಿಗೆ ಕರೆದುಕೊಂಡು ಹೋಗಬೇಡಿ.

ಅದಕ್ಕೆ ಮುಂಚೆ ಇನ್ನೊಂದು ಕೆಲಸ. ಅವಳು ಮೂರು ವರ್ಷದ ಹಿಂದೆ ಕೊಟ್ಟ ಹೇಳಿಕೆಯನ್ನು ಪಿ.ಪಿ. ಬಳಿ ಒಂದು ಸಲ ಓದಿಸಿ. ಬಾಯಿಪಾಠಕ್ಕಲ್ಲ. ನೆನಪು ಎಲ್ಲೆಲ್ಲಿ ಜಾರಿದೆ ಎಂದು ಅವಳಿಗೆ ಮೊದಲೇ ಗೊತ್ತಿರಲಿ ಎಂದು. ಪಿ.ಪಿ.ಗೆ ದಿನಕ್ಕೆ ಹತ್ತಾರು ಕೇಸು, ಹಾಗಾಗಿ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಿಂದ ಅವಳಿಗೇ ಒಬ್ಬ ವಕೀಲರನ್ನು ಕೇಳಿ. ಹೆಂಗಸರಿಗೆ ಅದು ಉಚಿತ, ಆದಾಯದ ಲೆಕ್ಕ ಕೇಳುವಂತಿಲ್ಲ. ನಂಬರ್ 15100.

ಪಾಟೀಸವಾಲಿನ ಬಗ್ಗೆ ಅವಳಿಗೆ ಇಷ್ಟು ಓದಿ ಹೇಳಿ. 'ನೆನಪಿಲ್ಲ' ಎಂಬುದು ಪೂರ್ಣ ಉತ್ತರ. ಪ್ರಶ್ನೆ ಅರ್ಥವಾಗದಿದ್ದರೆ ಇನ್ನೊಮ್ಮೆ ಕೇಳಿ ಅನ್ನಬಹುದು. ನೀರು ಕೇಳಬಹುದು. ಮುಂಚಿನ ಸಂಬಂಧ, ನಡತೆಯ ಬಗ್ಗೆ ಕೇಳುವಂತಿಲ್ಲ. ಕೇಳಿದರೆ ಉತ್ತರಿಸುವ ಮುಂಚೆ ನ್ಯಾಯಾಧೀಶರ ಕಡೆ ನೋಡಲಿ. ಕೊನೆಯಲ್ಲಿ ಎದುರು ವಕೀಲರು ಒಂದರ ಹಿಂದೊಂದು 'ನೀವು ದುಡ್ಡಿಗಾಗಿ ಸುಳ್ಳು ಕೇಸು ಹಾಕಿದ್ದೀರಿ' ಎಂಬಂಥ ಮಾತು ಎಸೆಯುತ್ತಾರೆ. ಅದು ಕೋರ್ಟಿನ ಪದ್ಧತಿ, ಅವರು ತಮ್ಮ ಕಕ್ಷಿಗಾರನ ವಾದವನ್ನು ಸಾಕ್ಷಿಯ ಮುಂದೆ ಇಡಲೇಬೇಕು. ಅವಳು 'ಸರಿಯಲ್ಲ' ಅಂದರೆ ಆಯಿತು. ಟೈಪಿಸ್ಟ್ 'ಎಂದರೆ ಸರಿಯಲ್ಲ' ಎಂದು ಬಡಿಯುತ್ತ ಹೋಗುತ್ತಾನೆ. ಆ ಎರಡು ಪದ ಗೊತ್ತಿದ್ದವರು ಅಲ್ಲಿ ಕುಸಿಯುವುದು ಕಡಿಮೆ.

ಅವಳಿಗೆ ನೋವಾಗುವ ಮಾತು ಪೀಠದಿಂದಲೇ ಬಂದರೆ? ಬಂದದ್ದುಂಟು. 2020ರ ಜೂನ್‌ನಲ್ಲಿ ನಮ್ಮ ಹೈಕೋರ್ಟಿನ ಒಂದು ಜಾಮೀನು ಆದೇಶದಲ್ಲಿ, ಘಟನೆಯ ನಂತರ ದಣಿದು ನಿದ್ದೆ ಹೋದೆ ಎಂದಿದ್ದ ಹೆಣ್ಣುಮಗಳ ಮಾತು ಹಿಡಿದು, ಭಾರತೀಯ ಹೆಣ್ಣಿಗೆ ಇದು ತಕ್ಕುದಲ್ಲ ಎಂಬರ್ಥದ ಸಾಲು ಇತ್ತು. ದೇಶದ ತುಂಬ ಆಕ್ಷೇಪ ಎದ್ದು ಕೆಲವೇ ದಿನಗಳಲ್ಲಿ ಆ ಸಾಲನ್ನು ತೆಗೆದುಹಾಕಲಾಯಿತು. ನಾನು ಆ ಆದೇಶದ ಎರಡೂ ರೂಪಗಳನ್ನು ಇಟ್ಟುಕೊಂಡಿದ್ದೇನೆ, ಹೊಸ ಜೂನಿಯರ್‌ಗಳಿಗೆ ತೋರಿಸಲು.

ನಿದ್ದೆಯ ವಿಷಯ. ಸಮನ್ಸ್ ಬಂದಾಗ ಮೈ ಹಳೆಯ ದಿನಕ್ಕೆ ಮರಳಿ ಹೋಗುತ್ತದೆ, ಅವಳ ಮನಸ್ಸು ದುರ್ಬಲ ಅಂತಲ್ಲ. ಮಾನಸಿಕ ಆರೋಗ್ಯದ ಸರ್ಕಾರಿ ಸಹಾಯವಾಣಿ ಟೆಲಿ-ಮಾನಸ್‌ನ 14416ಕ್ಕೆ ಕನ್ನಡದಲ್ಲೇ ಮಾತಾಡಬಹುದು. ಜಿಲ್ಲಾಸ್ಪತ್ರೆಯಲ್ಲಿ ಮನೋವೈದ್ಯರಿದ್ದಾರೆ. ಆಪ್ತಸಲಹೆಗೆ ಹೋದದ್ದು ಕೋರ್ಟಿನಲ್ಲಿ ಮುಳುವಾಗುತ್ತದೆ ಎಂದು ಯಾರಾದರೂ ಹೆದರಿಸಿದರೆ ಕಿವಿಗೆ ಹಾಕಿಕೊಳ್ಳಬೇಡಿ. ಮತ್ತೆ, ಸಾಕ್ಷಿ ಮುಗಿದ ಸಂಜೆ 'ಏನೇನು ಕೇಳಿದ?' ಅಂತ ಶುರುಮಾಡಬೇಡಿ. ಮನೆಗೆ ಹೋಗುವ ದಾರಿಯಲ್ಲಿ ಅವಳಿಗೆ ಏನು ತಿನ್ನಬೇಕು ಅನಿಸುತ್ತದೋ ಕೇಳಿ.

ಪರಿಹಾರಕ್ಕೆ ಅರ್ಜಿ ಹಾಕಿದ್ದೀರಾ? ಬರೆದಿಲ್ಲ. ತೀರ್ಪಿನವರೆಗೆ ಕಾಯಬೇಕಿಲ್ಲ, ಮಧ್ಯಂತರವಾಗಿಯೂ ಕೊಡುತ್ತಾರೆ, ಅದೇ ಕಾನೂನು ಸೇವಾ ಪ್ರಾಧಿಕಾರದ ಮೂಲಕ. ರಾಷ್ಟ್ರೀಯ ಪ್ರಾಧಿಕಾರದ 2018ರ ಯೋಜನೆಯಲ್ಲಿ ಅತ್ಯಾಚಾರಕ್ಕೆ 4 ಲಕ್ಷದಿಂದ 7 ಲಕ್ಷದವರೆಗೆ ಇದೆ. ಈ ದುಡ್ಡು ಮುಟ್ಟಿದರೆ 'ಮಾರಿಕೊಂಡಂತೆ' ಅಂತ ಒಬ್ಬ ಹೆಣ್ಣುಮಗಳಿಗೆ ಅವಳ ಅತ್ತೆ ಹೇಳಿದ್ದರು. ಬೆಳೆ ಪರಿಹಾರ ತಗೊಂಡವರು ಹೊಲ ಮಾರಿಕೊಂಡರೇನು ಎಂದು ನಾನು ಕೇಳಿದ್ದೆ. ಅತ್ತೆಯೇ ಬ್ಯಾಂಕಿಗೆ ಜೊತೆಯಲ್ಲಿ ಬಂದರು.

*

ನಾನು ಊರಿನಲ್ಲಿ ನಾಲ್ಕು ಜನಕ್ಕೆ ಬೇಕಾದವನು. ಒಂದು ಹುಡುಗ-ಹುಡುಗಿ ಪ್ರಕರಣ ಕೋರ್ಟಿಗೆ ಹೋಗಿದೆ. ಎರಡೂ ಕಡೆಯವರು ನಮ್ಮ ಜನವೇ. ಹುಡುಗ ಈಗ ತಪ್ಪಾಯಿತು, ಮದುವೆಯಾಗುತ್ತೇನೆ ಅನ್ನುತ್ತಾನೆ. ಹಿರಿಯರೆಲ್ಲ ಕೂತು ಮಾತಾಡಿ ಆಗಿದೆ. ರಾಜಿ ಪತ್ರ ಹೇಗೆ ಬರೆಯಬೇಕು ತಿಳಿಸಿ.

ಯಜಮಾನರೇ, ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಹುಡುಗ ಏನಂದ ಇದೆ, ಅವನ ಅಪ್ಪ ಏನಂದರು ಇದೆ, ಹುಡುಗಿಯ ಚಿಕ್ಕಪ್ಪ ಏನಂದರು ಇದೆ. ಹುಡುಗಿ ಏನಂದಳು ಎಲ್ಲೂ ಇಲ್ಲ.

ರಾಜಿ ಪತ್ರ ಬರೆಯಲು ಬರುವುದಿಲ್ಲ. ಜಮೀನಿನ ತಕರಾರಿನ ಹಾಗೆ ಇದನ್ನು ರಾಜಿ ಮಾಡಿಕೊಳ್ಳಲು ಕಾನೂನಿನಲ್ಲಿ ಅವಕಾಶವೇ ಇಲ್ಲ. ರಾಜಿಯಾಯಿತೆಂದು ಶಿಕ್ಷೆ ತಗ್ಗಿಸಬಾರದು ಎಂದು ಸುಪ್ರೀಂ ಕೋರ್ಟ್ 2013ರಲ್ಲಿ ಹೇಳಿದೆ. ಮಧ್ಯಪ್ರದೇಶದಲ್ಲಿ 2020ರಲ್ಲಿ ಆರೋಪಿಯೊಬ್ಬನಿಗೆ, ಅವಳ ಮನೆಗೆ ಹೋಗಿ ರಾಖಿ ಕಟ್ಟಿಸಿಕೊಂಡು ಬಾ ಎಂಬ ಷರತ್ತಿನ ಮೇಲೆ ಜಾಮೀನು ಕೊಟ್ಟಿದ್ದರು. ಮರುವರ್ಷ ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟ್ ಅದನ್ನು ಕಿತ್ತುಹಾಕಿ, ಮದುವೆ, ರಾಜಿ ಎಂಬ ಸಲಹೆಯನ್ನೇ ನ್ಯಾಯಾಲಯಗಳು ಕೊಡಕೂಡದು ಎಂದಿತು. ನ್ಯಾಯಾಧೀಶರು ಆಡಬಾರದ ಮಾತನ್ನು ನೀವು ಕಟ್ಟೆಯ ಮೇಲೆ ಕೂತು ಆಡಿದ್ದೀರಿ. ಸಾಕ್ಷಿ ನುಡಿಯದಂತೆ ಅವಳ ಮೇಲೆ ಒತ್ತಡ ತಂದರೆ ಅದು ಬೇರೆ ಕೇಸಾಗುತ್ತದೆ, ಆಗ ಪಟ್ಟಿಯಲ್ಲಿ ನಿಮ್ಮ ಹೆಸರೂ ಬರುತ್ತದೆ.

ನಾಲ್ಕು ಜನಕ್ಕೆ ಬೇಕಾದವರು ಅಂದಿರಿ. ಹಾಗಿದ್ದರೆ ಒಂದು ಕೆಲಸ ಮಾಡಿ. ಆ ಮನೆಯವರಿಗೆ ಊರಿನ ಅಂಗಡಿಯಲ್ಲಿ ಸಾಮಾನು ಕೊಡುತ್ತಿಲ್ಲ ಎಂದು ಪತ್ರದ ಕೊನೆಯಲ್ಲಿ ತೇಲಿಸಿ ಬರೆದಿದ್ದೀರಲ್ಲ, ನಾಳೆ ಅಂಗಡಿಯವನಿಗೆ ಹೇಳಿ ಕೊಡಿಸಿ.

*

ಒಬ್ಬ ಹುಡುಗಿಯ ವಿಡಿಯೊ ವಾಟ್ಸಾಪ್‌ನಲ್ಲಿ ಬಂದಿದೆ. ಸಾಕ್ಷಿಗೆ ಬೇಕಾಗಬಹುದು ಎಂದು ಇಟ್ಟುಕೊಂಡಿದ್ದೇನೆ, ನಾಲ್ಕು ಜನ ಗೆಳೆಯರಿಗೂ ಕಳಿಸಿ ಎಚ್ಚರಿಸಿದ್ದೇನೆ. ಸರಿಯೇ?

ಸರಿಯಲ್ಲ. ಆ ನಾಲ್ವರಿಗೂ ಈಗಲೇ ಹೇಳಿ ಅಳಿಸಿಸಿ. ಯಾವ ನಂಬರಿನಿಂದ, ಯಾವ ದಿನ ಬಂತು ಎಂಬುದನ್ನು ಸೈಬರ್ ಪೊಲೀಸರಿಗೆ ತಿಳಿಸಿ, ವಿಡಿಯೊ ಹೇಗೆ ಒಪ್ಪಿಸಬೇಕೆಂದು ಅವರೇ ಹೇಳುತ್ತಾರೆ. 2024ರ ಏಪ್ರಿಲ್‌ನಲ್ಲಿ ಹಾಸನದಲ್ಲಿ ಹೆಂಗಸರ ವಿಡಿಯೊ ತುಂಬಿದ ಪೆನ್‌ಡ್ರೈವ್ ಹಂಚಿದ್ದರು. ಅದರಲ್ಲಿ ಹೆಂಗಸರ ಮುಖ ಮುಚ್ಚುವ ವ್ಯವಧಾನವೂ ಯಾರಿಗೂ ಇರಲಿಲ್ಲ.

*

ನಾನು ಹೈಸ್ಕೂಲ್ ಶಿಕ್ಷಕಿ. ಒಂಬತ್ತನೇ ಕ್ಲಾಸಿನ ಹುಡುಗಿ, ಮನೆ ಪಕ್ಕದವನು ವರ್ಷದಿಂದ ಕಾಟ ಕೊಡುತ್ತಿರುವುದನ್ನು ನನಗೆ ಹೇಳಿದಳು. ಹೇಳುವ ಮುಂಚೆ "ಯಾರಿಗೂ ಹೇಳಲ್ಲ ಅಂತ ಆಣೆ ಮಾಡಿ ಮಿಸ್" ಅಂದಳು. ಮಾಡಿದೆ. ಈಗ ಏನು ಮಾಡಲಿ?

ಟೀಚರ್, ಆಣೆ ಮುರಿಯಿರಿ. ಮೇಲೆಲ್ಲ ಅವಳ ಇಷ್ಟ, ಅವಳ ಇಷ್ಟ ಎಂದು ಬರೆದವಳೇ ನಾನು. ಹದಿನೆಂಟು ತುಂಬದ ಮಗುವಿಗೆ ಆ ಮಾತು ಹೊಂದುವುದಿಲ್ಲ. 2012ರ ಪೋಕ್ಸೊ ಕಾಯ್ದೆಯ ಪ್ರಕಾರ ಗೊತ್ತಾದವರು ಪೊಲೀಸರಿಗೆ ತಿಳಿಸಲೇಬೇಕು, ತಿಳಿಸದಿದ್ದರೆ ನಿಮಗೇ ಶಿಕ್ಷೆ. 'ಶಾಲೆಗೆ ಕೆಟ್ಟ ಹೆಸರು, ಮ್ಯಾನೇಜ್‌ಮೆಂಟ್ ಮೀಟಿಂಗ್ ಆಗಲಿ' ಎಂದು ಮುಖ್ಯೋಪಾಧ್ಯಾಯರು ಹೇಳಬಹುದು. ಮೀಟಿಂಗ್‌ಗೆ ಕಾಯಬೇಡಿ. ಮಕ್ಕಳ ಸಹಾಯವಾಣಿ 1098ಕ್ಕೂ ಹೇಳಿ.

ಆದರೆ ಪೊಲೀಸರಿಗಿಂತ ಮೊದಲು ಅವಳ ಬಳಿ ಹೋಗಿ. ಬೆನ್ನ ಹಿಂದೆ ಮಾಡಬೇಡಿ. "ಆಣೆ ಮಾಡಬಾರದಿತ್ತು ಪುಟ್ಟಿ, ಇದೊಂದನ್ನು ಉಳಿಸಿಕೊಳ್ಳಲು ನನ್ನ ಕೈಲಾಗಲ್ಲ. ಆದರೆ ನಿನ್ನ ಜೊತೆ ನಾನು ಬರ್ತೀನಿ" ಎನ್ನಿ. ಅವಳು ಸಿಟ್ಟಾಗುತ್ತಾಳೆ, ಒಂದು ವಾರ ಮುಖ ಕೊಟ್ಟು ಮಾತಾಡದೇ ಇರಬಹುದು. ತಡೆದುಕೊಳ್ಳಿ. ದೊಡ್ಡ ನಿರ್ಧಾರ ಅವಳ ಕೈಯಿಂದ ಹೋಯಿತು ಅಂದಮೇಲೆ ಸಣ್ಣವನ್ನಾದರೂ ಅವಳ ಕೈಗೆ ಕೊಡಿ. ಎಲ್ಲಿ ಕೂತು ಹೇಳಬೇಕು, ಜೊತೆಗೆ ಅಮ್ಮ ಇರಬೇಕೋ ನೀವೋ, ಅವಳೇ ಹೇಳಲಿ. ಮಗುವಿನ ಹೇಳಿಕೆ ಬರೆದುಕೊಳ್ಳುವ ಅಧಿಕಾರಿ ಯೂನಿಫಾರ್ಮ್‌ನಲ್ಲಿ ಬರುವಂತಿಲ್ಲ, ರಾತ್ರಿ ಸ್ಟೇಷನ್ನಿನಲ್ಲಿ ಕೂರಿಸುವಂತಿಲ್ಲ. ಮಕ್ಕಳ ಕಲ್ಯಾಣ ಸಮಿತಿಯಿಂದ ಅವಳಿಗೊಬ್ಬ ಬೆಂಬಲ ವ್ಯಕ್ತಿಯನ್ನು ಕೇಳಿ, ಕೇಸು ಮುಗಿಯುವವರೆಗೆ ಅವರು ಜೊತೆಗಿರುತ್ತಾರೆ.

ನೀವಾಗಿ ಅವಳನ್ನು ವಿಚಾರಿಸಲು ಕೂರಬೇಡಿ, ಹೇಳಿದ್ದಷ್ಟನ್ನು ಅವಳದೇ ಮಾತಿನಲ್ಲಿ ಬರೆದಿಡಿ. ಸ್ಟಾಫ್‌ರೂಮಿನಲ್ಲಿ ಒಬ್ಬರಿಗೂ ಹೇಳಬೇಡಿ, ಎಷ್ಟೇ ಆಪ್ತರಾದರೂ. ಮತ್ತೆ, ಅವಳ ಟಿ.ಸಿ. ಕೊಟ್ಟು ಕಳಿಸುವ ಮಾತು ಬಂದರೆ ನನಗೆ ಫೋನ್ ಮಾಡಿ.

*

ಮೇಡಂ, ನನಗೆ ಈಗ 41. ಹತ್ತೊಂಬತ್ತು ವರ್ಷದ ಹಿಂದೆ, ಅಡಿಕೆ ಸುಗ್ಗಿಯಲ್ಲಿ, ನೆಂಟರ ಮನೆಯಲ್ಲಿ ನಡೆದದ್ದು. ಯಾರಿಗೂ ಹೇಳಿಲ್ಲ, ಗಂಡನಿಗೂ. ಈಗಲೂ ಅಡಿಕೆ ಬೇಯಿಸುವ ಹಂಡೆಯ ವಾಸನೆ ಬಂದರೆ ವಾಂತಿಯಾಗುತ್ತದೆ. ಪ್ರತಿ ವರ್ಷ ಆ ಹೊತ್ತಿಗೆ ಜ್ವರ ಬರುತ್ತದೆ, ಮನೆಯವರು ಅಲರ್ಜಿ ಅಂದುಕೊಂಡಿದ್ದಾರೆ. ಆ ಮನುಷ್ಯ ಈಗ ಊರಿಗೆ ದೊಡ್ಡವನು. ಕೇಸು ಹಾಕಲು ತಡವಾಯಿತೇ? ಕೇಸು ಬೇಕೋ ಬೇಡವೋ ನನಗೇ ಗೊತ್ತಿಲ್ಲ. ಉತ್ತರ ಬರೆಯದಿದ್ದರೂ ಪರವಾಗಿಲ್ಲ.

ಮೊದಲು ಕಾನೂನಿನ ಉತ್ತರ: ತಡವಾಗಿಲ್ಲ. ಸಣ್ಣ ಅಪರಾಧಗಳಿಗೆ ಇಂತಿಷ್ಟು ವರ್ಷದೊಳಗೆ ಎಂಬ ಕಾಲಮಿತಿ ಇದೆ, ಅತ್ಯಾಚಾರಕ್ಕೆ ಇಲ್ಲ. ಹಳೆಯ ಐಪಿಸಿ ಜಾರಿಯಲ್ಲಿದ್ದಾಗ ನಡೆದದ್ದಾದ್ದರಿಂದ ಅದರಡಿ ಇವತ್ತೂ ದೂರು ಕೊಡಬಹುದು. ಆದರೆ ನಿಮಗೆ ಸುಳ್ಳು ಧೈರ್ಯ ಹೇಳಲಾರೆ. ಬಟ್ಟೆಯಿಲ್ಲ, ತಪಾಸಣೆಯಿಲ್ಲ, ಅಂದು ಹೇಳಿಕೊಂಡವರಿಲ್ಲ. ನಿಮ್ಮ ಮಾತೊಂದೇ ಇಡೀ ಕೇಸನ್ನು ಹೊರಬೇಕು, ಮತ್ತು ಹತ್ತೊಂಬತ್ತು ವರ್ಷ ಯಾಕೆ ಸುಮ್ಮನಿದ್ದೆ ಎಂಬ ಪ್ರಶ್ನೆಯನ್ನು ಹತ್ತು ಬಗೆಯಲ್ಲಿ ಕೇಳುತ್ತಾರೆ. ಗೆದ್ದವರಿದ್ದಾರೆ. ಅರ್ಧದಲ್ಲಿ ಸಾಕು ಎಂದವರೂ ಇದ್ದಾರೆ. ನನ್ನ ಕಣ್ಣಿಗೆ ಅವರು ಸೋತವರಲ್ಲ.

ಕೇಸು ಬೇಕೋ ಬೇಡವೋ ಎಂದು ನಾನು ಹೇಳುವುದಿಲ್ಲ, ಬೆತ್ತದ ಕುರ್ಚಿಯ ಹುಡುಗಿಗೆ ಮಾಡಿದ್ದನ್ನು ನಿಮಗೆ ಮಾಡಲಾರೆ. ನಿಮ್ಮ ಪತ್ರದಲ್ಲಿ ನನ್ನ ಕಣ್ಣು ನಿಂತದ್ದು ಜ್ವರದ ಮೇಲೆ. ಅದು ಅಲರ್ಜಿಯಲ್ಲ ಎಂದು ನಿಮಗೆ ಗೊತ್ತು, ಮನೆಯಲ್ಲಿ ಬೇರೆ ಯಾರಿಗೂ ಗೊತ್ತಿಲ್ಲ. ಇದಕ್ಕೆ ಚಿಕಿತ್ಸೆ ಇದೆ. ಬೆಂಗಳೂರಿಗೆ ಬರಲು ಸಾಧ್ಯವಾದರೆ ನಿಮ್ಹಾನ್ಸ್ ಇದೆ, ಸಾಧ್ಯವಿಲ್ಲದಿದ್ದರೆ ನಿಮ್ಮ ಜಿಲ್ಲಾಸ್ಪತ್ರೆಯಲ್ಲೇ ತೋರಿಸಬಹುದು. ಅಲ್ಲಿ ಆ ಮನುಷ್ಯನ ಹೆಸರು ಹೇಳಬೇಕಾಗಿಲ್ಲ, ಎಲ್ಲವನ್ನೂ ಒಂದೇ ದಿನ ಹೇಳಬೇಕಾಗಿಯೂ ಇಲ್ಲ. ಹಂಡೆಯ ವಾಸನೆಯಿಂದ ಶುರುಮಾಡಿ. ನಾನೂ ಅಡಿಕೆ ಸೀಮೆಯವಳೇ. ಸುಗ್ಗಿಯಲ್ಲಿ ಆ ವಾಸನೆಯಿಂದ ತಪ್ಪಿಸಿಕೊಳ್ಳಲು ಕಿಟಕಿ ಮುಚ್ಚಿದರೆ ಸಾಲದು, ಊರನ್ನೇ ಬಿಡಬೇಕಾಗುತ್ತದೆ ಎಂದು ಗೊತ್ತು. ಹತ್ತೊಂಬತ್ತು ಸುಗ್ಗಿ ನೀವು ಅಲ್ಲೇ ಇದ್ದೀರಿ.

ಗಂಡನಿಗೆ ಹೇಳಬೇಕೇ ಎಂದು ನೀವು ಕೇಳಿಲ್ಲ, ನಾನೂ ಆ ಮಾತು ಎತ್ತುವುದಿಲ್ಲ.

ಉತ್ತರ ಬರೆಯದಿದ್ದರೂ ಪರವಾಗಿಲ್ಲ ಅಂದಿದ್ದೀರಿ. ಇಲ್ಲಿ ಅಚ್ಚು ಮಾಡಲಾಗದ ಇನ್ನೂ ಮೂರು ಪುಟ ಬರೆದು ನೀವು ಕಳಿಸಿದ ಮೇಲ್ ವಿಳಾಸಕ್ಕೇ ಹಾಕಿದ್ದೇನೆ. ಮಂಗಳವಾರ, ಶುಕ್ರವಾರ ಸಂಜೆ ನಾಲ್ಕರ ಮೇಲೆ ನಾನು ಆಫೀಸಿನಲ್ಲಿರುತ್ತೇನೆ, ಆ ಹೊತ್ತಿನಲ್ಲಿ ಬೇರೆ ಕಕ್ಷಿಗಾರರು ಇರುವುದಿಲ್ಲ.